ಎದುರಿನವರ ಮಾತು

2319, ಕೆಸರುಮಾಸದ ಬಿದಿಗೆ
ಅಘನಾಶಿನಿಯ ಅಳಿವೆ

ಹಿಂದಿನ ಕಾಲದ ಹಿರಿಯರೇ,

ಕೆಸರುಮಾಸ ನಿಮ್ಮ ಪಂಚಾಂಗದಲ್ಲಿಲ್ಲ. ಮಳೆಗಾಲ ಉದ್ದವಾದ ಮೇಲೆ ನಾವು ಸೇರಿಸಿಕೊಂಡ ತಿಂಗಳು ಅದು. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬೀರಮ್ಮ ಅಂಬಿಗ, ಇಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರ ಸಂಘದ 'ಬಾಯಿ'. ಅಂದರೆ ಸಂಘದ ಪರವಾಗಿ ಸರ್ಕಾರದ ಮುಂದೆ ಮಾತನಾಡುವವಳು. ಇಳಿತದಲ್ಲಿ ನಾವು ಮೊಣಕಾಲುದ್ದದ ನೀರಿನಲ್ಲಿ ನಿಂತು ಮರಳಿನಿಂದ ಬಳಚಿನ ಚಿಪ್ಪು ಹೆಕ್ಕುತ್ತೇವೆ. ಉಬ್ಬರ ಬಂದಾಗ ತೇಲುಮನೆಗಳಲ್ಲಿ ಕೂತು, ಉಪ್ಪುನೀರಲ್ಲೇ ಬೆಳೆಯುವ ಕಗ್ಗದಕ್ಕಿಯ ಗಂಜಿ ಉಣ್ಣುತ್ತಾ ಜಗಳವಾಡುತ್ತೇವೆ. ಜಗಳದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ನಮಗೆ ಊರುಮನೆ, ನಾಡುಮನೆ, ಒಕ್ಕೂಟಮನೆ ಎಂಬ ಮೂರು ಸಭೆಗಳಿವೆ. ಒಂದೇ ನಾಡಿನ ಹೊಳೆಯ ವಿಷಯ ನಾಡುಮನೆಗೆ ಸೇರಿದ್ದು, ಹಲವು ನಾಡುಗಳ ವಿಷಯ ಒಕ್ಕೂಟಮನೆಗೆ. ನಿಮ್ಮ ಕಾಲದಲ್ಲಿ ಸಂಘಗಳವರು ಮಂತ್ರಿಗಳನ್ನು ಕದ ಹಾಕಿಕೊಂಡು ಕಾಣುತ್ತಿದ್ದರಂತೆ. ನಮ್ಮಲ್ಲಿ ಪ್ರತಿ ಸಭೆಯ ಅಂಗಳದಲ್ಲೂ ಒಂದು ಒತ್ತುಕಟ್ಟೆ ಇದೆ. ಸರ್ಕಾರದ ಮೇಲೆ ಒತ್ತಡ ಹೇರಬೇಕೆಂದರೆ ಅದನ್ನು ಹತ್ತಿ, ಎಲ್ಲರಿಗೂ ಕೇಳುವಂತೆ ಹೇಳಬೇಕು. ಅದಕ್ಕೂ ಮೊದಲು ಎದುರಾಳಿಯ ವಾದವನ್ನು ನಾವೇ ಹೇಳಬೇಕು. ಹೌದು, ಇದೇ ನಮ್ಮ ಮಾತು ಎಂದು ಆತ ಒಪ್ಪುವವರೆಗೆ ನಮ್ಮ ವಾದಕ್ಕೆ ಬಾಯಿ ತೆರೆಯುವಂತಿಲ್ಲ.

ಈ ವರ್ಷ ನಮ್ಮ ಅಳಿವೆಯ ದಡದಲ್ಲೇ ಇರುವ ತದಡಿಯ ಹಡಗುಕಟ್ಟೆ ಸಂಘದವರು ನೇರವಾಗಿ ಒಕ್ಕೂಟಮನೆಗೆ ಹೋಗಿ, ಹಡಗು ಬರುವಂತೆ ದೇಶದ ಎಲ್ಲ ಅಳಿವೆಗಳನ್ನೂ ಆಳ ಮಾಡಲು ಒಂದೇ ಕಾಯಿದೆ ಬೇಕೆಂದರು. ಅದು ಬಂದಿದ್ದರೆ ನಮ್ಮ ಮರಳೆಲ್ಲ ಹೂಳೆತ್ತುವ ಯಂತ್ರದ ಪಾಲಾಗಿ, ಹೆಕ್ಕಲು ಏನೂ ಉಳಿಯುತ್ತಿರಲಿಲ್ಲ. ಒಕ್ಕೂಟಮನೆ ವರ್ಷಕ್ಕೊಂದು ಕಡೆ ಬಿಡಾರ ಹೂಡುತ್ತದೆ. ಈ ಸಲ ಗುವಾಹಟಿಯಲ್ಲಿತ್ತು, ಹೋದೆವು.

ಮೊದಲ ಸರದಿ ನನ್ನದಾಗಿತ್ತು. ಕಟ್ಟೆ ಹತ್ತಿ, ಅವರ ಮುಖಂಡ ಗಣಪು ಗುನಗರ ವಾದವನ್ನು ಮನಸ್ಸಿಟ್ಟು ಹೇಳಿದೆ. ಹಡಗು ಬಂದರೆ ತದಡಿಯ ಮಕ್ಕಳಿಗೆ ಕೆಲಸ ಸಿಗುತ್ತದೆ, ತದಡಿಯ ಆಸ್ಪತ್ರೆಗೆ ಔಷಧಿ ಬೇಗ ತಲುಪುತ್ತದೆ ಎಂದೆಲ್ಲ ಹೇಳುವಾಗ ನನಗೇ ಅವರ ಮೇಲೆ ಮರುಕ ಹುಟ್ಟಿತು. ಹಿಂದೆ ನಿಂತಿದ್ದ ನಮ್ಮ ಸಂಘದ ಪೊಮ್ಮಕ್ಕ "ನೀ ಅವ್ರ ಬದಿಗೇ ಹೋದ್ಯಲ್ಲೇ ಮಾರಾಯ್ತಿ" ಎಂದು ಗೊಣಗಿದಳು. ಗಣಪಣ್ಣನ ಕಣ್ಣು ಒದ್ದೆಯಾಗಿತ್ತು. ಒಂದಕ್ಷರವೂ ಬಿಟ್ಟಿಲ್ಲ, ಇದೇ ನಮ್ಮ ಮಾತು ಎಂದು ಒಪ್ಪಿಕೊಂಡರು.

ಇದರಲ್ಲಿ ಬೇರೆ ಅಳಿವೆಯ ಹೆಸರು ಒಂದೂ ಬರಲಿಲ್ಲವಲ್ಲ ಎಂದು ಸಭಾಪತಿ ಆಗ ಕೇಳಿದರು. ದೇಶಕ್ಕೆಲ್ಲ ಬೇಕೆಂದು ಕೇಳಿದ ಕಾಯಿದೆ ಒಂದೇ ಊರಿಗಾಗಿ ಎಂದು ಗಣಪಣ್ಣನೇ ಒಪ್ಪಿಬಿಟ್ಟಿದ್ದರು. ವಿಷಯ ನಮ್ಮ ನಾಡುಮನೆಗೆ ವಾಪಸಾಯಿತು. ನಾನು ಊರಿಂದ ಕಟ್ಟಿಕೊಂಡು ಹೋಗಿದ್ದ ವಾದ ಗಂಟು ಬಿಚ್ಚದೆ ಹಾಗೇ ಉಳಿಯಿತು.

ನಾಡುಮನೆಯ ಕಟ್ಟೆಯಲ್ಲಿ ಮೊದಲ ಸರದಿ ಗಣಪಣ್ಣನದು, ಇನ್ನು ಅವರು ನಮ್ಮ ವಾದ ಹೇಳಬೇಕು. ಅದಕ್ಕಾಗಿ ದಿನಾ ಇಳಿತಕ್ಕೆ ನಮ್ಮ ಜೊತೆ ನೀರಿಗಿಳಿದು ಬಳಚು ಹೆಕ್ಕುತ್ತಾ, ಬೆನ್ನು ನೋವೆಂದು ನರಳುತ್ತಿದ್ದಾರೆ. ಗೆಲ್ಲುವುದು ನಾವೇ, ನನಗೆ ಅನುಮಾನವಿಲ್ಲ.

ಆದರೆ ನಿಮ್ಮ ಕಾಲದಲ್ಲಿ ಈ ಕಟ್ಟೆ ಇನ್ನೂ ಎದ್ದಿಲ್ಲ. ಅದಕ್ಕೇ ಬೇಡಿಕೊಳ್ಳುತ್ತೇನೆ: ನಿಮ್ಮ ಎದುರಿನವರ ಮಾತನ್ನು ಒಂದೇ ಒಂದು ಸಲ, ಅವರು ತಲೆದೂಗುವಂತೆ, ನಿಮ್ಮ ಬಾಯಿಂದ ಹೇಳಿ ನೋಡಿ. ಅಲ್ಲಿ ನೀವು ಅದನ್ನು ಶುರು ಮಾಡದಿದ್ದರೆ, ಇಲ್ಲಿ ನನ್ನ ಕಾಲ ಕೆಳಗೆ ಈ ಮರಳು ಇರುವುದಿಲ್ಲ.

ನಿಮ್ಮ ಮುಂದಿನವಳು,
ಬೀರಮ್ಮ