ನೀಲಿ ಬೆರಳು

ಶನಿವಾರ, ಜೂನ್ 14. ಕ್ವೆಟ್ಸಾಲ್ಟೆನಾಂಗೊ

ಎಲ್ವಿಡಿಯಾ ಅತ್ತಿಗೆಯ ಗರ್ಭಕಂಠದ ಸ್ಯಾಂಪಲ್ಲಿಗೆ ಬೆಳಿಗ್ಗೆ ಲ್ಯಾಬಿನಲ್ಲಿ ನಾನೇ ಬಣ್ಣ ಹಾಕಿದೆ. ಮೈಕ್ರೋಸ್ಕೋಪಿನಡಿ ಕೋಶಕೇಂದ್ರಗಳು ಊದಿಕೊಂಡು ಕಡುನೀಲಿಯಾಗಿದ್ದವು. ಕ್ಯಾನ್ಸರೇ. ನನ್ನ ಕೈಯಲ್ಲಿ ಬಣ್ಣ ಇಷ್ಟು ಚೆಂದವಾಗಿ ಎಂದೂ ಕೂತಿರಲಿಲ್ಲ.

ನನ್ನ ಬೆರಳಿಗಂಟಿದ ಅದೇ ನೀಲಿ ಕಂಡರೆ ಅವಳಿಗೆ ಹೇಸಿಗೆ. ಪ್ರತಿ ಶನಿವಾರ ತಮಾಲೆ ಕಡುಬು ಮಾಡುವಾಗ, "ಹೆಣದ ಕೈ ಇದ್ದಂಗಿದೆ, ಹಿಟ್ಟು ಮುಟ್ಬೇಡ ಕಣೇ" ಎಂದು ಎಲ್ಲರೆದುರು ಅಟ್ಟುತ್ತಿದ್ದಳು.

ಇವತ್ತು ಜೋಳದ ಹಿಟ್ಟಿನ ಪಾತ್ರೆಯನ್ನು ತಾನೇ ತಂದು ನನ್ನ ಮುಂದಿಟ್ಟಳು.

"ನೀನೇ ನಾದು ಚಿನ್ನ. ನನ್ನ ರಿಪೋರ್ಟು ಚೆನ್ನಾಗಿದೆ ತಾನೆ?"

"ಸೋಮವಾರ ಡಾಕ್ಟ್ರು ಹೇಳ್ತಾರೆ, ಅತ್ತಿಗೆ."

"ನಗ್ತಿದೀಯಲ್ಲ, ಅಂದ್ರೆ ಏನೂ ಇಲ್ಲ ಬಿಡು!"

ಹೌದು, ನಗುತ್ತಿದ್ದೆ. ಎರಡೂ ಕೈ ಹಿಟ್ಟಿಗಿಳಿಸಿ ನಾದಿದೆ, ನಾದುತ್ತಲೇ ಇದ್ದೆ. ಅವಳು ಸಾಕು ಎನ್ನಲೇ ಇಲ್ಲ.