ಅತ್ತೆ ಕೂರುವ ಜೀಪಿಗೆ ಟೈರು

ತುಮಕೂರು
14 ಸೆಪ್ಟೆಂಬರ್ 2025, ಭಾನುವಾರ ಮಧ್ಯಾಹ್ನ

ಭೂಮಿಕಾಳ ಪ್ರೀತಿಯ ಅಪ್ಪನಿಗೆ,

ಹೇಗಿದೀರ್ರೀ? ಕಾಲ್ಬೆರಳಿನ ಊತ ಇಳೀತಾ? ಹೋದ ಸಲ ಫೋನಲ್ಲಿ ಕೇಳಿದ್ದಕ್ಕೆ "ಎಲ್ಲಾ ಸರಿ ಇದೆ" ಅಂದ್ರಿ, ಅಷ್ಟರಲ್ಲಿ ಲೈನೇ ಹೋಯ್ತು. ನಿಮ್ಮ "ಎಲ್ಲಾ ಸರಿ ಇದೆ" ನನಗೆ ಗೊತ್ತಿಲ್ವಾ? ಮದುವೆ ದಿನ ಮೈ ಕೆಂಡದ ಹಾಗೆ ಸುಡ್ತಾ ಇದ್ರೂ ಮಂಟಪದಲ್ಲಿ ಕೂತು ಅದನ್ನೇ ಅಂದವರಲ್ವಾ ನೀವು. ಉಣ್ಣೆ ಕಾಲುಚೀಲ ಪಾರ್ಸೆಲ್ ಮಾಡಿದೀನಿ, ಬ್ಯಾರಕ್ಕಿನಲ್ಲಿ ಪಕ್ಕದ ಮಂಚದವರಿಗೆ ದಾನ ಮಾಡದೆ ನೀವೇ ಹಾಕ್ಕೊಳ್ಳಿ. ಇಲ್ಲಿ ನಾವೆಲ್ಲ ಆರಾಮ. ಭೂಮಿಕಾ ಒಂಬತ್ತನೇ ಕ್ಲಾಸಿಗೆ ಬಂದಿದ್ದೇ ಬಂದಿದ್ದು, ನನಗಿಂತ ಉದ್ದ ಆಗಿದಾಳೆ, ನನ್ನ ಚಪ್ಪಲಿ ಹಾಕ್ಕೊಂಡು ಸ್ಕೂಲಿಗೆ ಹೋಗಿ ನನ್ನನ್ನ ಬಾಗಿಲಲ್ಲಿ ನಿಲ್ಲಿಸ್ತಾಳೆ. ಅತ್ತೆಯವರ ಸೊಂಟದ ಆಪರೇಷನ್ ಗಾಯ ಪೂರ್ತಿ ಮಾಗಿದೆ. ಕೋಲು ಹಿಡ್ಕೊಂಡು ಮನೆ ತುಂಬ ಓಡಾಡ್ತಾರೆ, ನನ್ನ ಸಾರಿಗೆ ಉಪ್ಪು ಸಾಲದು ಅಂತ ದಿನಾ ಹೇಳುವಷ್ಟು ಗಟ್ಟಿಯಾಗಿದಾರೆ.

ಫೋನಲ್ಲಿ ನಿಮಗೆ ಸಿಗೋ ಎರಡು ನಿಮಿಷದಲ್ಲಿ ಟೈರಿನ ಕಥೆ ಮುಗಿಯಲ್ಲ, ಅದಕ್ಕೇ ಈ ಕಾಗದ. ಮಾವನವರು ತೀರಿಕೊಂಡಾಗ ನಿಮ್ಮ ಕಡೆ ಗುಡ್ಡ ಕುಸಿದು, ನೀವು ಓಡಿಸ್ತಿದ್ದ ಮಿಲಿಟರಿ ಲಾರಿ ಜೊತೆ ಅಲ್ಲೇ ಸಿಕ್ಕಿಹಾಕ್ಕೊಂಡಿದ್ದು ಊರಿಗೆಲ್ಲ ಗೊತ್ತು. ಅತ್ತೆಗೂ ಗೊತ್ತು. ಆದ್ರೂ "ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕಕ್ಕೆ ಬರ್ಲಿಲ್ಲ" ಅನ್ನೋದು ಅವರ ಹೊಟ್ಟೆಯಲ್ಲಿ ಕೂತುಬಿಟ್ಟಿದೆ. ಅವತ್ತಿಂದ ನಿಮ್ಮ ಫೋನ್ ಬಂತು ಅಂದ್ರೆ ಎದ್ದು ಹಿತ್ತಲಿಗೆ ಹೋಗ್ತಾರೆ. ನಾನು ನಿಮಗೆ "ಅತ್ತೆ ಪೂಜೆಗೆ ಕೂತಿದಾರೆ" ಅಂತ ಹೇಳ್ತಾ ಬಂದೆ, ನೀವು ನಂಬಿದ ಹಾಗೆ ಮಾಡಿದ್ರಿ. "ವರ್ಷದ ಪೂಜೆಗೂ ರಜಾ ಇಲ್ಲ ಕಣೇ ಅನು, ಅಮ್ಮನ್ನ ಅಪ್ಪನ ಸಮಾಧಿ ತನಕ ಅಪ್ಪನ ಜೀಪಲ್ಲೇ ಕರ್ಕೊಂಡು ಹೋಗು, ನೋವಾಗ್ದಂಗೆ. ಹಳೇ ಟೈರ್ ಸವೆದಿವೆ, ಹೊಸದು ನಾನು ಹಾಕಿಸ್ತೀನಿ, ದುಡ್ಡು ಕಳಿಸ್ತೀನಿ" ಅಂತ ಒಂದೇ ಫೋನಲ್ಲಿ ಎರಡೆರಡು ಸಲ ಹೇಳಿದ್ರಿ. ನನಗೆ ಅರ್ಥ ಆಯ್ತು ರೀ. ಆ ಟೈರ್ ಮೇಲೆ ಅತ್ತೆ ನೆಮ್ಮದಿಯಾಗಿ ಕೂತು ಹೋಗಿಬರಬೇಕು, ಮಗ ಮಾಡಿದ ಅಂತ ಅವರ ಮನಸ್ಸಿಗೆ ನಾಟಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಆದ್ರೆ ನೀವು ಹೇಳಿದ ಟೈರ್ ನಾನು ಹಾಕಿಸಿಲ್ಲ. ಮೊದಲು ಪೂರ್ತಿ ಓದಿ, ಆಮೇಲೆ ಬಯ್ಕೊಳ್ಳಿ. ನೀವು ಹೇಳಿದ್ದು ನಿಮ್ಮ ಲಾರಿಗೆ ಇರೋ ಥರದ್ದು, ಮೈಮೇಲೆಲ್ಲ ಇಷ್ಟಿಷ್ಟುದ್ದ ರಬ್ಬರ್ ಬಟನ್ ಎದ್ದಿರೋದು, ಮಧ್ಯೆ ಕೈ ತೂರುವಷ್ಟು ಸಂದು, ಕೆಸರಿಗೆ ಅಂತಲೇ ಮಾಡಿದ್ದು. ಕುಣಿಗಲ್‌ನಿಂದ ನನ್ನ ತಮ್ಮ ಚನ್ನೇಶನೂ "ಭಾವ ಹೇಳಿದ್ದೇ ಹಾಕ್ಸಕ್ಕಾ, ಜೀಪ್ ಗತ್ತಾಗಿ ಕಾಣ್ತದೆ" ಅಂತ ತಾಳ ಹಾಕಿದ. ಬಿ.ಎಚ್. ರಸ್ತೆ ಟೈರ್ ಅಂಗಡಿ ಲಕ್ಷ್ಮೀನರಸಿಂಹಯ್ಯನವರ ಹತ್ರ ಹೋದೆ. ಪುಣ್ಯಕ್ಕೆ ಅಂಥದ್ದೇ ಟೈರ್ ಹಾಕಿದ ಜೀಪೊಂದು ಬಾಗಿಲಲ್ಲೇ ನಿಂತಿತ್ತು. ಅದರ ಯಜಮಾನರನ್ನ ಕೇಳಿಕೊಂಡು ಬಟವಾಡಿ ತನಕ ಕೂತು ಹೋಗಿಬಂದೆ. ಅಯ್ಯಪ್ಪಾ! ಡಾಂಬರ್ ರಸ್ತೆ ಮೇಲೆ ಹಿಟ್ಟಿನ ಗಿರಣಿ ಒಳಗೆ ಕೂತಂಗಾಯ್ತು. ಅವರು ಪಕ್ಕದಲ್ಲೇ ಏನೋ ಹೇಳ್ತಿದ್ರು, ನಾನು ಸುಮ್ನೆ ಹೂಂ ಹೂಂ ಅಂದೆ. ಹಲ್ಲು ನಡುಗಿದ್ದು ಇಳಿದ ಮೇಲೂ ನಿಲ್ಲಲಿಲ್ಲ. ನಮ್ಮ ದಾರಿ ಎಂಥದ್ದು ಹೇಳಿ? ಗುಬ್ಬಿ ತನಕ ಡಾಂಬರು, ಕೆರೆ ಏರಿ ಇಳಿದ ಮೇಲೆ ಸಮಾಧಿ ಇರೋ ತೋಟದ ತನಕ ಒಂದಿಷ್ಟು ಕೆಸರು. ಆ ಒಂದಿಷ್ಟಕ್ಕೆ ಹೆದರಿ ಮಿಕ್ಕಿದ್ದಷ್ಟೂ ದಾರಿ ಅತ್ತೆಯ ಸೊಂಟ ಕುಟ್ಟಿಸಲಾ?

ಅದಕ್ಕೆ ಎರಡೂ ಕಡೆಗೆ ಆಗೋ ಟೈರ್ ತೋರಿಸಿ ಅಂದೆ. ಬೆಳಗ್ಗೆಯೆಲ್ಲ ಕೂತು ಒಂದೊಂದನ್ನೂ ಉರುಳಿಸಿ ನೋಡಿದೆ, ಸೀರೆ ಅಂಗಡಿಯಲ್ಲೂ ಇಷ್ಟು ಹೊತ್ತು ಕೂತವಳಲ್ಲ ನಾನು. ಕೊನೆಗೆ ಆರಿಸಿದ್ದು ಮಧ್ಯದ ಬಟನ್ ಒತ್ತೊತ್ತಾಗಿ ಸೇರಿಕೊಂಡಿರೋದು. ಅದರಿಂದ ರಸ್ತೆ ಮೇಲೆ ಸದ್ದೂ ಇಲ್ಲ, ನಡುಕವೂ ಇಲ್ಲ. ಪಕ್ಕದಲ್ಲಿ ಮಾತ್ರ ಬಿಡಿಬಿಡಿಯಾಗಿ ದಪ್ಪ ಬಟನ್, ಕೆಸರು ಹಿಡಿಯೋಕೆ. ಹಳೇದಕ್ಕಿಂತ ಎರಡು ಬೆರಳು ಎತ್ತರ. ನೀವು ಹೇಳಿದ ಸೈಜ್ ಇಟ್ಟು ನೋಡಿದ್ವಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ರೆ ಮಡ್‌ಗಾರ್ಡಿಗೆ ಉಜ್ಜುತ್ತೆ. ಹಾಗಂತ ಇದೇನು ಸಣ್ಣದಲ್ಲ, ಎದುರುಮನೆ ಆಂಜನಪ್ಪನವರು ನೋಡಿ "ಏನಮ್ಮಾ, ಟ್ರ್ಯಾಕ್ಟರ್ ತಗೊಂಡ್ರಾ?" ಅಂದ್ರು. ನಿಮ್ಮ ಗತ್ತಿಗೆ ಏನೂ ಕಮ್ಮಿ ಆಗಿಲ್ಲ ಬಿಡಿ. ನಾಲ್ಕು ಟೈರಿಗೂ ವಿಭೂತಿ ಹಚ್ಚಿ, ನಿಂಬೆಹಣ್ಣು ಇಟ್ಟು, ಹತ್ತಿಸಿ ತಂದೆ.

ಮನೆಗೆ ಬಂದು ಅತ್ತೆಯ ಮುಂದೆ ಡೌಲು ಹೊಡೆದಿದ್ದೇ ಹೊಡೆದಿದ್ದು. "ನಿಮ್ಮ ಮಗ ಹಾಕಿಸಿರೋದು, ತೇರಲ್ಲ ಅತ್ತೆ, ತೊಟ್ಟಿಲು" ಅಂದುಬಿಟ್ಟೆ. ಪೂಜೆಗೆ ಮುಂಚೆ ಒಂದು ಟ್ರಯಲ್ ಆಗಲಿ ಅಂತ ಕುಣಿಗಲ್‌ಗೆ, ಚನ್ನೇಶನ ಮನೆಗೆ ಹೊರಡಿಸಿದೆ. ಏನು ಹೇಳಲಿ! ಸದ್ದೇನೋ ಇಲ್ಲ, ಆದ್ರೆ ರೋಡ್ ಹಂಪ್ ಬಂದಾಗಲೆಲ್ಲ ಜೀಪ್ ಧಡ್ ಅಂತ ಎಗರಿ ಬೀಳೋದು. ಅತ್ತೆ ತುಟಿ ಕಚ್ಕೊಂಡು, ಮೇಲಿನ ಹಿಡಿ ಬಿಗಿಯಾಗಿ ಹಿಡ್ಕೊಂಡು ಕೂತಿದ್ರು. ಗೂಳೂರು ದಾಟೋ ಹೊತ್ತಿಗೆ ಅವರ ಮುಖ ನೋಡಕ್ಕಾಗದೆ ಎತ್ತಿನಗಾಡಿ ಥರ ಓಡಿಸಿದೆ, ಆದ್ರೂ ಅಷ್ಟೇ. ಕುಣಿಗಲ್‌ನಲ್ಲಿ ಇಳಿದವರೇ "ಟೈರೂ ನಿನ್ ಗಂಡನ ಹಂಗೇ ಕಣವ್ವಾ, ನೋಡಕ್ಕೆ ಭಾರಿ, ಕೂತ್ಕಂಡ್ರೆ ಕಲ್ಲು" ಅಂದ್ರು. ವಾಪಸ್ ಬರುವಾಗ ಜೀಪ್ ಹತ್ತೋಕೆ ಸುತರಾಂ ಒಪ್ಪಲಿಲ್ಲ. ಚನ್ನೇಶನ ಕೈ ಹಿಡ್ಕೊಂಡು ಬಸ್ಸು ಹತ್ತಿ, ಮುಂದಿನ ಸೀಟಲ್ಲಿ ಮಹಾರಾಣಿ ಥರ ಕೂತು ಬಂದ್ರು. ನಾನೊಬ್ಬಳೇ ಖಾಲಿ ಜೀಪ್ ತಗೊಂಡು ಬಸ್ಸಿನ ಹಿಂದೆ ಹಿಂದೆ ಬಂದೆ. ಅವತ್ತು ಸಂಜೆ "ಸಮಾಧಿಗೆ ನಾನು ಬರಲ್ಲ, ಫೋಟೋ ಮುಂದೇನೇ ಪೂಜೆ ಮಾಡ್ತೀನಿ. ಯಾರೂ ನನಗೇನೂ ಮಾಡೋದು ಬ್ಯಾಡ" ಅಂತ ರೂಮಿಗೆ ಹೋದ್ರು. ಆ "ಯಾರೂ" ಅಂದ್ರೆ ನೀವೇ. ನನಗೆ ಅಳುವೇ ಬಂದುಬಿಡ್ತು ರೀ. ನಿಮ್ಮ ಮಾತು ಮೀರಿ ನಾನೇ ಆರಿಸಿದ ಟೈರು, ಅದರಿಂದ ತಾಯಿ ಮಗನ ಮಧ್ಯೆ ಇನ್ನೊಂದು ಗಂಟು ಬಿತ್ತಲ್ಲ ಅಂತ.

ಮಾರನೇ ದಿನ ಫ್ಯಾಕ್ಟರಿ ಕೆಲಸಕ್ಕೆ ಹೊರಟಾಗ ನನ್ನ ಸ್ಕೂಟರ್ ಕೆಟ್ಟಿತ್ತು, ಜೀಪಲ್ಲೇ ಹೋದೆ. ಹಿರೇಹಳ್ಳಿ ಗೇಟ್ ಹತ್ರ ಗಾಳಿ ಚೆಕ್ ಮಾಡಿಸೋಣ ಅಂತ ನಿಲ್ಲಿಸಿದೆ. ಗಾಳಿ ತುಂಬೋ ರಂಗಯ್ಯ ಪೈಪ್ ಎಳ್ಕೊಂಡು ಬಂದು, ಹಿಂದಿನ ಸೀಟ್ ಕೆಳಗೆ ಬಿದ್ದಿದ್ದ ತೆಂಗಿನ ನಾರು ನೋಡಿ, "ಕಾಯಿ ಲೋಡಾ ಮೇಡಂ?" ಅಂದ. ನನಗೆ ಮೊದಲೇ ತಲೆ ಕೆಟ್ಟಿತ್ತು. "ಇಲ್ಲಪ್ಪಾ, ಅತ್ತೆ ಲೋಡು!" ಅಂದೆ. ಅವನು ಬಿದ್ದು ಬಿದ್ದು ನಕ್ಕ. ನಗು ನನಗೂ ಬಂತು, ಅದರ ಹಿಂದೆಯೇ ಬುದ್ಧಿಯೂ ಬಂತು. ಟೈರ್ ಹಾಕಿಸುವಾಗ "ಗುಬ್ಬಿ ತೋಟದ ಜೀಪು, ಗಟ್ಟಿಯಾಗಿರ್ಲಿ" ಅಂತ ನಾನೇ ಜಂಬದಿಂದ ಹೇಳಿದ್ದೆ. ನಮ್ಮ ಕಡೆ ಗುಬ್ಬಿ ಜೀಪು ಅಂದ್ರೆ ಮುಗೀತು, ಹಿಂದೆ ಕಾಯಿ ತುಂಬ್ಕೊಂಡೇ ಓಡೋದು ಅಂತ ಲೆಕ್ಕ. ಯಾರೂ ಕೇಳಲ್ಲ, ಯಾರೂ ಹೇಳಲ್ಲ, ಲೋಡಿನ ಗಾಳಿ, ಅಂದ್ರೆ ಕಲ್ಲಿನ ಹಾಗೆ ಬಿಗಿಯಾಗಿ, ತುಂಬಿಬಿಡ್ತಾರೆ. ಮಾವನವರ ಕಾಲದಿಂದ ನಡೆದುಬಂದಿದ್ದು ಹಾಗೇ. ನಾನೂ ಅದೇ ಊರಿನ ಸೊಸೆ, ನನಗೂ ಹೊಳೆದಿರಲಿಲ್ಲ. ಡ್ರೈವರ್ ಬಾಗಿಲು ತೆಗೆದು ಅಲ್ಲಿ ಅಂಟಿಸಿರೋ ಚೀಟಿ ನೋಡಿದೆ. ಖಾಲಿ ಗಾಡಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಅಚ್ಚಾಗಿ ಬರೆದಿದೆ. ರಂಗಯ್ಯನ ಕೈಲಿ ಖಾಲಿ ಗಾಡಿ ಲೆಕ್ಕಕ್ಕೆ ಬುಸ್ ಅಂತ ಗಾಳಿ ಇಳಿಸಿದೆ. ಅಲ್ಲಿಂದ ಫ್ಯಾಕ್ಟರಿ ಗೇಟಿನ ತನಕ ಮೂರು ಹಂಪು, ಒಂದೂ ಗೊತ್ತಾಗಲಿಲ್ಲ! ಗೇಟ್ ದಾಟಿದ ಮೇಲೆ ವಾಪಸ್ ತಿರುಗಿಸ್ಕೊಂಡು ಹೋಗಿ ಇನ್ನೊಂದು ಸಲ ಹತ್ತಿಸಿ ನೋಡಿದೆ. ಸೆಕ್ಯುರಿಟಿಯವರು ಈ ಮೇಡಂಗೆ ಏನಾಗಿದೆ ಅಂತ ನೋಡ್ತಿದ್ರು.

ಆದ್ರೆ ಅತ್ತೆಯನ್ನ ನಂಬಿಸೋದು ಹೇಗೆ? ನನ್ನ ಮಾತಿಗೆ ಬೆಲೆ ಕುಣಿಗಲ್ ದಾರೀಲೇ ಹೋಗಿತ್ತು. ಈ ಕೆಲಸ ಮಾಡಿದ್ದು ನಿಮ್ಮ ಮಗಳು. ಅವಳು ನೈಲ್ ಪಾಲಿಶ್ ಬಾಟಲಿ ಹಿಡ್ಕೊಂಡು ಹಿಂದಿನ ಸೀಟಲ್ಲಿ ಕೂತಳು. ಕ್ಯಾತ್ಸಂದ್ರ ತನಕ ಹೋಗಿ ಬರೋ ಅಷ್ಟರಲ್ಲಿ ಎಡಗೈ ಬೆರಳಿಗೆಲ್ಲ ಹಚ್ಚಿಕೊಂಡು, ನೆಟ್ಟಗೆ ಅಜ್ಜಿಯ ಮೂಗಿನ ಮುಂದೆ ಕೈ ಹಿಡಿದಳು. ಬೇರೆ ದಿನ ಆಗಿದ್ರೆ "ಏನ್ ವೇಷ ಇದು" ಅಂತ ಮಂಗಳಾರತಿ ಆಗ್ತಿತ್ತು. ಅವತ್ತು ಅತ್ತೆ ಕನ್ನಡಕ ಹಾಕ್ಕೊಂಡು ಒಂದೊಂದೇ ಉಗುರು ನೋಡಿ, "ಓಡೋ ಗಾಡೀಲಿ ಹಚ್ಕಂಡ್ಯೇನೇ? ಒಂದ್ ಕಡೆಗೂ ಆಚೀಚೆ ಮೆತ್ಕಂಡಿಲ್ವಲ್ಲೇ" ಅಂದ್ರು. ಕನ್ನಡಕ ತೆಗೆದಿಟ್ಟು, "ಸೋಮವಾರ ಪೂಜೆಗೆ ಎಷ್ಟೊತ್ತಿಗೆ ಹೊರಡಾದು?" ಅಂತ ಕೇಳಿದ್ರು.

ಮೊನ್ನೆ ಸೋಮವಾರ ಹೋಗಿಬಂದ್ವಿ ರೀ. ಹಿಂದಿನ ದಿನ ಮಳೆ ಹುಯ್ದಿತ್ತು. ಗುಬ್ಬಿ ರಸ್ತೆಯಲ್ಲಿ ಅತ್ತೆ ನಿದ್ದೆ ಹೋದ್ರು, ಗೊರಕೆ ಕೂಡ ಹೊಡೆದ್ರು, ಭೂಮಿಕಾ ಅದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿದಾಳೆ. ಕೆರೆ ಏರಿ ಇಳಿದ ಮೇಲೆ ಮೊಣಕಾಲುದ್ದ ಕೆಸರು. ಪೂಜೆಗೆ ಬರ್ತಿದ್ದ ಅಯ್ಯನವರು ತಮ್ಮ ಬೈಕ್ ಅಲ್ಲೇ ಹೂತುಹೋಗಿ ಪಂಚೆ ಎತ್ತಿ ಹಿಡ್ಕೊಂಡು ನಿಂತಿದ್ರು, ಅವರನ್ನೂ ಹತ್ತಿಸ್ಕೊಂಡೆ. ನಮ್ಮ ಟೈರು ಒಂದು ಸಲ ಜಾರಿದ ಹಾಗೆ ಮಾಡಿ, ಪಕ್ಕದ ಬಟನ್ ಊರಿ, ಎದ್ದು ಹೊರಟಿತು. ನಾನು ಗೇರಿನ ಜೊತೆ ಗುದ್ದಾಡ್ತಿದ್ರೆ, ಅತ್ತೆ "ನಿಧಾನ, ನಿಧಾನ" ಅಂತ ನನಗೇ ಡ್ರೈವಿಂಗ್ ಹೇಳಿಕೊಟ್ರು. ಸಮಾಧಿ ತೊಳೆದು, ವಿಭೂತಿ ಬಳಿದು, ಪತ್ರೆ ಏರಿಸಿ, ಮಾವನವರಿಗೆ ಇಷ್ಟ ಅಂತ ಕಾಯಿ ಹೋಳಿಗೆ ಎಡೆ ಇಟ್ರು. "ಬಂದಿದೀನಿ ಕಣ್ರೀ" ಅಂತ ಒಂದೇ ಮಾತು ಅಂದು, ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ರು. ನಾವು ದೂರ ಬಂದು ನಿಂತ್ವಿ. ನಿಮ್ಮ ಬಗ್ಗೆ ಏನಾದ್ರೂ ಹೇಳ್ತಾರಾ ಅಂತ ದಾರಿಯುದ್ದಕ್ಕೂ ಕಾದೆ. ಮಳೆ, ತೋಟ, ಕಾಯಿ ಅಂತ ಬೇರೆಲ್ಲ ಮಾತಾಡಿದ್ರು. ನನಗೆ ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ. ಆದ್ರೂ ಅವರು ನೋವಿಲ್ಲದೆ ಹೋಗಿಬಂದ್ರು, ನೀವು ಅಂದುಕೊಂಡಿದ್ದು ನಡೀತು. ಅದಕ್ಕೆ ಸಮಾಧಾನ ಮಾಡ್ಕೊಳ್ಳಿ.

ಹೊತ್ತು ಹೊತ್ತಿಗೆ ಊಟ ಮಾಡಿ, ಚಳೀಲಿ ತಲೆಗೆ ನೀರು ಹಾಕ್ಕೋಬೇಡಿ. ನಿಮ್ಮ ಜೊತೆಯವರಿಗೆಲ್ಲ ನಮ್ಮ ನಮಸ್ಕಾರ ಹೇಳಿ. ಭೂಮಿಕಾ ಮುತ್ತು ಕಳಿಸಿದಾಳೆ, ಜೊತೆಗೆ ಹೊಸ ಚಪ್ಪಲಿ ಬೇಕಂತೆ. ಆ ಸಿದ್ಧಲಿಂಗೇಶ್ವರ ನಿಮ್ಮನ್ನೂ ನಿಮ್ಮ ಲಾರಿಯನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ ಮಾತು ಕೇಳದ,
ಅನುಪಮಾ

ತಾ.ಕ.: ಕವರ್ ಅಂಟಿಸೋಕೆ ಗೋಂದು ಹುಡುಕ್ತಿದ್ದೆ, ಅತ್ತೆ ಬಂದು ಪಕ್ಕದಲ್ಲಿ ಕೂತ್ರು. "ಅವನಿಗೇನಾ ಬರೀತಿರಾದು?" ಅಂದ್ರು. ಹೂಂ ಅಂದೆ. "ಅವನು ಓಡ್ಸೋ ಲಾರಿ ಟೈರ್ ಹೆಂಗವೆ? ಆ ಗುಡ್ಡದ್ ದಾರೀಲಿ ಸವೆದಿರಾ ಟೈರ್ ಇಟ್ಕಂಡು ಓಡಿಸ್ತಾವ್ನೋ ಏನೋ, ಕೇಳು" ಅಂದ್ರು. ಬರೀತೀನಿ ಅಂತ ಪೆನ್ ತೆಗೆದೆ. ಅಷ್ಟರಲ್ಲಿ ಕೈ ಅಡ್ಡ ಹಿಡಿದು, "ನೀನು ಬರೀಬ್ಯಾಡ ಬುಡು. ಅವನು ಫೋನ್ ಮಾಡ್ದಾಗ ನನ್ ಕೈಗೆ ಕೊಡು, ನಾನೇ ಕೇಳ್ತೀನಿ" ಅಂದ್ರು. ರೀ, ಈ ಕಾಗದ ತಲುಪಿದ ತಕ್ಷಣ ಹೇಗಾದ್ರೂ ಮಾಡಿ ಲೈನ್ ಹಿಡೀರಿ. ನಿಮ್ಮ ಲಾರಿಯ ಹತ್ತೂ ಚಕ್ರ ನೋಡ್ಕೊಂಡು ಫೋನ್ ಮಾಡಿ, ಅಮ್ಮನ ಹತ್ರ "ಎಲ್ಲಾ ಸರಿ ಇದೆ" ಅಂದ್ರೆ ನಡೆಯಲ್ಲ.