ಸುಮಾಳ ತೋಳು

ತಿಕೋಟಾ
೧೬ ಮಾರ್ಚ್ ೨೦೨೫, ಭಾನುವಾರ

ಸುಮಾಳ ಅಪ್ಪನಿಗೆ, ಸಿಟ್ಟು ಇನ್ನೂ ಇಳಿಯದ ವಿಜಯಲಕ್ಷ್ಮಿಯ ನಮಸ್ಕಾರ.

ನಿಮ್ಮ ಆರೋಗ್ಯ ಹೇಗಿದೆ? ಬೆನ್ನುನೋವು ಕಡಿಮೆಯಾಯಿತೇ? ಮಸ್ಕತ್ತಿನ ಬಿಸಿಲಿನಲ್ಲಿ ಮಾಳಿಗೆ ಹತ್ತಿ ಮಂದಿಯ ಮನೆಗೆಲ್ಲ ತಂಪು ಮಾಡಿಕೊಡುವ ಎ.ಸಿ. ಮೆಕ್ಯಾನಿಕ್ ನೀವು, ನಿಮಗೆ ನೀರು ಕುಡಿಯಿರಿ ಎಂದು ನಾನು ಇಲ್ಲಿಂದ ನೆನಪಿಸಬೇಕು. ಮಾವನವರು ಆರಾಮಾಗಿದ್ದಾರೆ. ದ್ರಾಕ್ಷಿ ಒಣಹಾಕಿದ್ದರಿಂದ ಶೆಡ್ ಬಿಟ್ಟು ಮನೆಗೆ ಬರುವುದೇ ಅಪರೂಪ. ಅತ್ತೆಯವರ ವಿಷಯ ಮುಂದೆ ಬರೆಯುತ್ತೇನೆ. ಫೋನಿದ್ದೂ ಕಾಗದ ಯಾಕೆ ಎಂದು ನಗಬೇಡಿ. ಫೋನಿನಲ್ಲಿ ನೀವು ಅರ್ಧ ಮಾತು ಕೇಳುತ್ತೀರಿ, ಉಳಿದರ್ಧ ಹೇಳುವಷ್ಟರಲ್ಲಿ ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ತೊರವಿಯ ನಿಜಾಮುದ್ದೀನ ಅಣ್ಣ ರಜೆ ಮುಗಿಸಿ ಇವತ್ತು ನಿಮ್ಮ ಕಂಪನಿಗೆ ವಾಪಸು ಹೊರಟಿದ್ದಾರೆ. ನಿಮ್ಮ ರೊಟ್ಟಿಗೆ ನಂಚಿಕೊಳ್ಳಲು ಕುಟ್ಟಿದ ಶೇಂಗಾ ಹಿಂಡಿಯ ಜೊತೆ ಇದನ್ನೂ ಅವರ ಕೈಗೆ ಕೊಡುತ್ತೇನೆ. ಹಿಂಡಿಯ ಡಬ್ಬಿ ಬಿಚ್ಚುವ ಮೊದಲು ಇದನ್ನು ಪೂರ್ತಿ ಓದಿ.

ಮೊದಲು ನಿಮಗೆ ಸಿಟ್ಟು ಬರುವ ಮಾತನ್ನೇ ಬರೆದುಬಿಡುತ್ತೇನೆ. ನಿಮ್ಮ ಮಾತು ಮೀರಿ ಸುಮಾಳ ತೋಳಿಗೆ ಆ ಅಂಟಿನ ಇನ್ಸುಲಿನ್ ಪಂಪು ಮತ್ತೆ ಹಚ್ಚಿದ್ದೇವೆ. ಆಸ್ಪತ್ರೆಯ ಸುದ್ದಿ ಕೇಳಿದ ದಿನ ನೀವು ಅಂದಿರಿ, "ಕಿತ್ತ ಒಗಿ ಅದನ್ನ. ಮದಲಿನ ಸೂಜಿನ ಸಾಕು." ಯುಗಾದಿಗೆ ಬಂದಾಗ ಇನ್ನೂ ಅದು ತೋಳಿನ ಮೇಲಿದ್ದರೆ ನಿಮ್ಮ ಕೈಯಿಂದಲೇ ತೆಗೆಯುವುದಾಗಿ ಹೇಳಿದಿರಿ. ತಂದೆಯ ಜೀವ, ಹೆದರಿ ಅಂದಿರಿ, ಗೊತ್ತು. ಆದರೆ ಸೂಜಿಯ ದಿನಗಳನ್ನು ನೀವು ನೋಡಿದ್ದು ರಜೆಯಲ್ಲಿ ಮಾತ್ರ. ಉಂಡರೆ ಚುಚ್ಚುತ್ತಾರೆ ಎಂದು ಕೂಸು ಹಸಿವನ್ನೇ ಹೇಳುತ್ತಿರಲಿಲ್ಲ. ಗೆಳತಿಯರು ಬುತ್ತಿ ಬಿಚ್ಚಿದರೆ ಎದ್ದು ಹೋಗಿ ನಳದ ಹತ್ತಿರ ನಿಲ್ಲುತ್ತಿದ್ದಳು. ನೀವು ಈ ಪಂಪು ಕಳಿಸಿದ ಮೇಲೆ ಒಂದು ದಿನ ರೊಟ್ಟಿ ತಟ್ಟುವಾಗ ಬಂದು ನನ್ನ ಸೆರಗು ಹಿಡಿದು ಅಂದಳು, "ಯವ್ವಾ, ಈಗ ನಾ ಹಸಿವಾದ್ರ ಉಣಬೌದು." ಆ ಮಾತು ಕೇಳಿದ ಮೇಲೆ ಅದನ್ನು ಕಿತ್ತು ಒಗೆಯಲು ನನ್ನಿಂದ ಆಗುವುದಿಲ್ಲ. ನಿಮ್ಮಿಂದಲೂ ಆಗಬಾರದು ಎಂದು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ದಿನ ಏನಾಯಿತೆಂದು ನಿಮಗೆ ಪೂರ್ತಿ ಗೊತ್ತಿಲ್ಲ. ಪಂಪಿನ ಅಂಟಿನ ಕೆಳಗೆ ಚರ್ಮ ಕೆಂಪಾಗುವುದು ಮೊದಲಿನಿಂದಲೂ ಇತ್ತು. ಬಿಸಿಲು ಹೆಚ್ಚಿದ ಹಾಗೆ ತುರಿಕೆ ಹೆಚ್ಚಾಯಿತು, ಕೊನೆಯ ಸಲ ಹಚ್ಚಿದ ಮೇಲೆ ಅಂಟಿನ ಕೆಳಗೆ ನೀರುಗುಳ್ಳೆ ಎದ್ದವು. ಸುಮಾ ನಮಗೆ ತೋರಿಸಲಿಲ್ಲ. ಬೆವರಿಗೆ ಅಂಟಿನ ಅಂಚು ಎದ್ದು, ಒಳಗೆ ಔಷಧ ಬಿಡುವ ಸಣ್ಣ ನಳಿಕೆ ಚರ್ಮದಿಂದ ಹೊರಗೆ ಬಂದಿದೆ. ಪಂಪು ತನ್ನ ಪಾಡಿಗೆ ತಾನು ನಡೆದಿದೆ, ಔಷಧವೆಲ್ಲ ಮೈಯೊಳಗೆ ಹೋಗುವ ಬದಲು ಅಂಗಿಗೆ ಇಳಿದಿದೆ. ಸಾಲಿಯಲ್ಲಿ ಹುಡುಗಿ ಎರಡು ಸಲ ವಾಂತಿ ಮಾಡಿಕೊಂಡಳಂತೆ. ಆಶಾಬಿ ಟೀಚರ್ ತಡಮಾಡದೆ ತಮ್ಮ ಮನೆಯವರ ಕಾರಿನಲ್ಲಿ ಹಾಕಿಕೊಂಡು, ದಾರಿಯಲ್ಲಿ ನನ್ನನ್ನೂ ಅತ್ತೆಯನ್ನೂ ಹತ್ತಿಸಿಕೊಂಡು ವಿಜಯಪುರಕ್ಕೆ ಓಡಿಸಿದರು. ಕೂಸು ಉಸಿರನ್ನು ಎಳೆದೆಳೆದು ಬಿಡುತ್ತಿತ್ತು. ನಾನು ಹೆಸರು ಹಿಡಿದು ಕರೆದರೆ ಕಣ್ಣು ತೆರೆಯುವುದು, ಮುಚ್ಚುವುದು. ರೀ, ಆ ರಸ್ತೆ ಎಷ್ಟು ಸಲ ಓಡಾಡಿದ್ದೇನೆ, ಅವತ್ತು ಮಾತ್ರ ಮುಗಿಯಲೇ ಇಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು.

ಸಲೈನ್ ಏರಿ, ಸಕ್ಕರೆ ಇಳಿದು, ಮರುದಿನ ಮಗು ಮಾತಾಡಿದ ಮೇಲೆ ಅವರು ತೋಳು ನೋಡಲು ಕೂತರು. ಪಂಪು ಹಚ್ಚುವ ಮೊದಲು ಇಲ್ಲಿ ಏನು ಹಚ್ಚುತ್ತೀರಿ ಎಂದು ಕೇಳಿದರು. ಎಣ್ಣೆ, ಪೌಡರ್, ಕ್ರೀಮ್, ಅರಿಷಿಣ, ಎಲ್ಲ ಹೆಸರು ಹೇಳಿ ಹೇಳಿ ಕೇಳಿದರು. ಏನೂ ಇಲ್ಲ ಎಂದು ನಾನು ಆಣೆ ಮಾಡುವುದೊಂದು ಬಾಕಿ. ಅತ್ತೆಯೂ ಏನೂ ಇಲ್ಲ ಅಂದರು. ಡಾಕ್ಟರಮ್ಮ ಹಳೆಯ ಅಂಟಿನ ಪಟ್ಟಿಯನ್ನು ಬೆಳಕಿಗೆ ಹಿಡಿದು, ಅದರ ಒಳಮೈಯನ್ನು ಬೆರಳಿನಿಂದ ತಿಕ್ಕಿ ನೋಡಿದರು. ಬೂದುಬಣ್ಣದ ಕೆಸರಿನಂಥದ್ದು ಬಂತು. "ಇದೇನ್ರಿ, ಬೂದಿ?" ಎಂದರು. ನಿಮ್ಮ ಅವ್ವ ಸೆಟೆದು ಕೂತು ಹೇಳಿದರು, "ಬೂದಿ ಅಲ್ರಿ, ಇಬತ್ತಿ."

ನಗು ಬರುತ್ತದೆಯೇ? ನನಗೆ ಅವತ್ತು ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಮನೆಯಲ್ಲಿ ಜಳಕವಾದ ಮೇಲೆ ಹಣೆಗೆ, ಎರಡೂ ತೋಳಿಗೆ ಮೂರು ಬೆರಳು ವಿಭೂತಿ ಎಳೆಯದೆ ಯಾರೂ ಹೊರಗೆ ಬರುವುದಿಲ್ಲ. ಅದನ್ನು 'ಹಚ್ಚುವ' ವಸ್ತು ಎಂದು ನಾವು ಯಾವತ್ತು ಎಣಿಸಿದ್ದೇವೆ, ಹೇಳಿ? ಮೈತುಂಬ ಚರ್ಮ ಇದ್ದ ಹಾಗೆ ಅದೂ ಇರುತ್ತದೆ ಅಷ್ಟೇ. ಸಾಲದ್ದಕ್ಕೆ, ನಾನು ಸ್ಪಿರಿಟ್ಟಿನಿಂದ ತೋಳು ಒರೆಸಿ, ಆ ಕಡೆ ತಿರುಗಿ ಪಂಪಿಗೆ ಔಷಧ ತುಂಬುವಷ್ಟರಲ್ಲಿ ಅತ್ತೆ ಅದೇ ಜಾಗಕ್ಕೆ ಇನ್ನೊಮ್ಮೆ ಎಳೆಯುತ್ತಿದ್ದರಂತೆ. "ಹೊಸಾದೊಂದು ಕೂಸಿನ ಮೈಗೆ ಹತ್ತತೈತಿ, ಶಿವನ ಹೆಸರಿಲೆ ಹತ್ತಲಿ ಅಂತ" ಎಂದರು. ಡಾಕ್ಟರಮ್ಮ ನನ್ನನ್ನೂ ಬಿಡಲಿಲ್ಲ. ಸ್ಪಿರಿಟ್ಟು ಆರುವ ಮೊದಲೇ ಗಡಿಬಿಡಿಯಲ್ಲಿ ಅಂಟಿಸುವುದು ನಾನು, ಮೂರು ದಿನಕ್ಕೊಮ್ಮೆ ಬದಲಿಸುವಾಗ ಹಳೆಯದನ್ನು ಚರ್ರನೆ ಎಳೆಯುವುದು ನಾನು, ಸುಮಾ ಎಡಗೈಯನ್ನೇ ಒಡ್ಡುತ್ತಾಳೆಂದು ಎಡಗೈಗೇ ಹಚ್ಚುವುದೂ ನಾನು. ಬೂದಿ, ಬೆವರು, ಒದ್ದೆ ಸ್ಪಿರಿಟ್ಟು ಎಲ್ಲ ಸೇರಿ ಅಂಟಿನ ಕೆಳಗೆ ಮೂರು ದಿನ ಕುದಿದರೆ ಎಳೆ ಚರ್ಮ ಏನಾಗಬೇಕು ಎಂದು ಬೈದರು. ಪಂಪಿನದು ತಪ್ಪಿಲ್ಲ ಎಂದೂ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ವಿಭೂತಿ ಬೇಡ ಎಂದು ಅತ್ತೆಗೆ ಯಾವ ಬಾಯಿಂದ ಹೇಳಲಿ ಎಂಬ ಯೋಚನೆಯಲ್ಲೇ ಊರು ಬಂತು. ಮರುದಿನ ಬೆಳಿಗ್ಗೆ ಜಳಕವಾದ ಮೇಲೆ ಸುಮಾ ರೂಢಿಯಂತೆ ಅವರ ಮುಂದೆ ನಿಂತಳು. ಅತ್ತೆ ಹಣೆಗೆ ಎಳೆದರು. ಬೆರಳು ತೋಳಿನ ತನಕ ಹೋಗಿ ಅಲ್ಲೇ ನಿಂತಿತು. ಕೈ ಹಿಂದೆ ತೆಗೆದುಕೊಂಡು, "ಹಣಿಗಿ ಹಚ್ಚಿದ್ರ ತೋಳಿಗೂ ಮುಟ್ಟತೈತಿ ಬಿಡು" ಎಂದು ದೇವರ ಕೋಣೆಗೆ ಹೋದರು. ನಾನು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ನೀವು ಅವರಿಗೆ ಫೋನಿನಲ್ಲಿ ಏನೂ ಅನ್ನಬೇಡಿ, ನನ್ನಾಣೆ.

ಈಗ ಹೀಗೆ ಮಾಡುತ್ತೇವೆ. ಬರೀ ನೀರು, ಸಾದಾ ಸಾಬೂನಿನಿಂದ ತೊಳೆದು, ತಿಕ್ಕದೆ ಬಟ್ಟೆ ಒತ್ತಿ ಒರೆಸುತ್ತೇನೆ. ಸ್ಪಿರಿಟ್ಟು ಒರೆಸಿದ ಮೇಲೆ ಫ್ಯಾನಿನ ಕೆಳಗೆ ಕೂರಿಸಿ ಆರುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಅದಕ್ಕೆ ನಿಮ್ಮ ಅವ್ವನೇ ಕಾವಲು. ಜಪಸರ ಹಿಡಿದು ಕೂರುತ್ತಾರೆ, ಅವರ ಜಪ ಮುಗಿಯುವ ತನಕ ನನ್ನ ಕೈ ಪಂಪಿನ ಹತ್ತಿರ ಬಂದರೆ ಕಣ್ಣಿನಲ್ಲೇ ಹೊಡೆಯುತ್ತಾರೆ. ಚರ್ಮಕ್ಕೂ ಅಂಟಿಗೂ ನಡುವೆ ತೆಳ್ಳಗಿನ ಪೊರೆ ಕಟ್ಟುವ ಒಂದು ಔಷಧ ಕೊಟ್ಟಿದ್ದಾರೆ, ಅದನ್ನೂ ಸವರಿ ಒಣಗಿಸುತ್ತೇವೆ. ಒಮ್ಮೆ ಹಚ್ಚಿದ ಜಾಗಕ್ಕೆ ಮುಂದಿನ ಸಲ ಹಚ್ಚುವುದಿಲ್ಲ. ತೆಗೆಯುವಾಗ ಅಂಚಿಗೆ ಕೊಬ್ಬರಿ ಎಣ್ಣೆ ಬಿಟ್ಟು ಸಾವಕಾಶ ಸುಲಿಯುತ್ತೇವೆ, ಆಮೇಲೆ ಎಣ್ಣೆ ಪೂರ್ತಿ ತೊಳೆಯುತ್ತೇವೆ. ಎಡಗೈ ಮಾಯುವ ತನಕ ಬಲಗೈಗೆ ಹಚ್ಚಿರಿ ಅಂದಿದ್ದರು. ನಿನ್ನೆ ಮೊದಲ ಸಲ ಬಲಗೈಯಿಂದ ತೆಗೆಯುವಾಗ ಮನೆಯವರೆಲ್ಲ ಸುತ್ತ ನೆರೆದಿದ್ದೆವು. ಶೆಡ್ಡಿನಿಂದ ಮಾವನವರೂ ಬಂದು ಬಾಗಿಲಲ್ಲಿ ನಿಂತಿದ್ದರು. ತೆಳು ಗುಲಾಬಿ ಗುರುತು ಇತ್ತು, ಸಂಜೆಗೆ ಅದೂ ಹೋಯಿತು. ಗುಳ್ಳೆ ಇಲ್ಲ, ತುರಿಕೆ ಇಲ್ಲ. ಮತ್ತೆ ಎಂದೂ ಆಗುವುದಿಲ್ಲ ಎಂದು ನಾನು ಬರೆದುಕೊಡಲಾರೆ. ಗುಳ್ಳೆ, ಕೀವು, ಬಿಸಿ ಕಂಡರೆ ಕೂಡಲೇ ಬನ್ನಿ ಅಂದಿದ್ದಾರೆ, ಕೂಡಲೇ ಓಡುತ್ತೇನೆ. ಆದರೆ ಪಂಪು ಇರಲಿ. ಕೈಮುಗಿದು ಕೇಳುತ್ತೇನೆ.

ಅತ್ತೆ ಮಾವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ
ವಿಜಯಲಕ್ಷ್ಮಿ

ವಿ.ಸೂ.: ನಿಜಾಮುದ್ದೀನ ಅಣ್ಣ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಗಾಡಿಯ ಹೊತ್ತಾಯಿತು ಅನ್ನುತ್ತಿದ್ದಾರೆ, ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ. ಸುಮಾ ಗುಳ್ಳೆಗಳನ್ನು ಯಾಕೆ ಮುಚ್ಚಿಟ್ಟಳು ಎಂದು ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ತಿಂಗಳು ವಿಡಿಯೋದಲ್ಲಿ ಆ ಕೆಂಪು ಗುರುತು ನೋಡಿ ನೀವು ನನಗೆ ಅಂದಿರಿ, "ತೋಳ ತುಂಬ ಹಿಂಗ ಕಲಿ ಬಿದ್ರ ನಾಳಿ ಈಕಿನ್ನ ಯಾರ ಮಾಡ್ಕೋತಾರ?" ಅವಳು ಆಡಲು ಹೋಗಿದ್ದಾಳೆಂದು ನೀವು ಅಂದುಕೊಂಡಿರಿ, ನಾನೂ ಅಂದುಕೊಂಡೆ. ಹೋಗಿರಲಿಲ್ಲ, ಬಾಗಿಲ ಹಿಂದೆ ಇದ್ದಳು. ಮರುದಿನದಿಂದ ಈ ಸುಡುಬಿಸಿಲಿನಲ್ಲಿ ಪೂರ್ತಿ ತೋಳಿನ ಅಂಗಿ ತೊಟ್ಟು ಸಾಲಿಗೆ ಹೋದಳು. ಆಸ್ಪತ್ರೆಯಲ್ಲಿ ಮಾತು ಬಂದ ಮೇಲೆ ಇದನ್ನು ನನಗೆ ಹೇಳಿದಳು. ಇನ್ನೂ ಹನ್ನೊಂದು ತುಂಬಿಲ್ಲ ಅವಳಿಗೆ. ನಿನ್ನೆ ತೋಳು ಸ್ವಚ್ಛವಾಗಿದೆ ಎಂದು ಎಲ್ಲರೂ ಕುಣಿಯುತ್ತಿದ್ದಾಗ ಮೆಲ್ಲಗೆ ಕೇಳಿದಳು, "ಯವ್ವಾ, ಯುಗಾದಿಗೆ ಅಪ್ಪ ಬಂದಾಗ ನಾ ಪೂರ್ತಿ ತೋಳಿನ ಅಂಗಿನ ಹಾಕ್ಕೋಬೇಕನ?" ಇದನ್ನು ಓದಿದ ಕೂಡಲೇ ಫೋನ್ ಮಾಡಿ, ಅವಳಿಗೆ ಉತ್ತರ ನೀವೇ ಹೇಳಿ.